ತಮ್ಮನಿಗೆ ಒಗ್ಗಿದ ಕೀಟೋ ಅಕ್ಕನಿಗೆ ಯಾಕೆ ಒಗ್ಗುತ್ತಿಲ್ಲ?

ಕರಿಇಶಾಡ, ಅಂಕೋಲಾ
ಮನೆಯಲ್ಲಿ ಇಬ್ಬರು ಒಟ್ಟಿಗೇ ಕೀಟೋ, ಅಂದರೆ ಪಿಷ್ಟ ತೀರಾ ಇಳಿಸಿ ಕೊಬ್ಬು ಹೆಚ್ಚಿಸುವ ಪಥ್ಯ, ಶುರು ಮಾಡಿದ್ದಾರೆ. ಕುಚಲಕ್ಕಿ ಗಂಜಿ, ದೋಸೆ, ಬಾಳೆಹಣ್ಣು ಪೂರಾ ಬಂದ್. ಮೀನು, ಮೊಟ್ಟೆ, ತೆಂಗಿನಕಾಯಿ ಮಾತ್ರ. ತಮ್ಮನಿಗೆ 31 ವರ್ಷ, ಕಾಯಿಲೆ ಏನೂ ಇಲ್ಲ, ಹತ್ತು ದಿನಕ್ಕೆ 3 ಕೆ.ಜಿ. ಇಳಿದಿದ್ದಾನೆ. ಅಕ್ಕನಿಗೆ 49. ಸಕ್ಕರೆಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಕೂಡಿದ ಒಂದೇ ಮಾತ್ರೆ, ಬಿಪಿಗೆ ಟೆಲ್ಮಿಸಾರ್ಟನ್. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ನಡುಕ, ಬೆವರು; ಎದ್ದು ನಿಂತರೆ ತಲೆಸುತ್ತು; ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೈ ಒಗ್ಗುವವರೆಗೆ ತಡ್ಕೋ ಅಂತ ವಾಟ್ಸಾಪ್ ಗುಂಪಿನವರ ಸಲಹೆ. ತಡ್ಕೊಳ್ಳಬಹುದಾ?

ಸಂಪಿಗೆಮರ, ಶಿರಸಿ
ಬೇಡ ಮಾರಾಯ್ರೇ. ನಡುಕ, ಬೆವರು ಅಂದರೆ ಸಕ್ಕರೆ ಇಳಿದಿರುವ ಸಾಧ್ಯತೆಯೇ ಹೆಚ್ಚು. ಗ್ಲಿಮೆಪಿರೈಡ್‌ಗೆ ನೀವು ಉಂಡದ್ದು ಬಿಟ್ಟದ್ದು ಗೊತ್ತಾಗುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ನಡುಕ ಬಂದ ಕೂಡಲೇ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟು, ಕೊಬ್ಬರಿ ಮಿಠಾಯಿ ಆಗದು. ಕೊಬ್ಬು ಸೇರಿದರೆ ಸಕ್ಕರೆ ರಕ್ತಕ್ಕೆ ಇಳಿಯುವುದು ತಡ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆಯ ಪ್ರಮಾಣವನ್ನು ವೈದ್ಯರೇ ಇಳಿಸಬೇಕು. ಕೂಡು ಮಾತ್ರೆಯನ್ನು ಮನೆಯಲ್ಲಿ ಅರ್ಧ ಮಾಡಿದರೆ ಮೆಟ್‌ಫಾರ್ಮಿನ್ನೂ ಅರ್ಧವಾಗುತ್ತದೆ. ನಿಧಾನಕ್ಕೆ ಬಿಡುವ ಬಗೆಯದಾದರೆ ಮುರಿಯಲೇಬಾರದು.

ಸಕ್ಕರೆಗೇ ಕೊಡುವ ಬೇರೆ ಮಾತ್ರೆಗಳಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಕೀಟೋ ಹತ್ತಿರ ಹೋಗುವುದೇ ಬೇಡ. ಸಕ್ಕರೆ 200ರ ಒಳಗಿದ್ದರೂ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಏರಿ ರಕ್ತ ಹುಳಿಯಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ. ಮೀಟರಿನ ಅಂಕಿ ನೋಡಿ ಸುಮ್ಮನೆ ಕೂತವರಿಗೆ ತೊಂದರೆ.

ಕಾಳಿಹೊಳೆ, ಕಾರವಾರ
ತಲೆಸುತ್ತಿಗೆ ಕಾರಣ ಬೇರೆಯೇ ಇರಬಹುದು. ಪಿಷ್ಟ ನಿಂತರೆ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡ ಉಪ್ಪನ್ನೂ ಜೊತೆಗೆ ನೀರನ್ನೂ ಹೊರಹಾಕುತ್ತದೆ. ಮೇಲಿಂದ ಟೆಲ್ಮಿಸಾರ್ಟನ್, ಅದರ ಮೇಲೆ ನಮ್ಮ ಕರಾವಳಿಯ ಬೆವರು. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಇಳಿದರೆ ಆ ಮಾತ್ರೆಯ ಬಗ್ಗೆಯೂ ಕೇಳಬೇಕು. ಸ್ನಾಯು ಹಿಡಿತಕ್ಕೆ ದಿನಾ ಎಳನೀರು ಸುರಿಯಬೇಡಿ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಹಿಡಿದಿಡುತ್ತದೆ. ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ಪರೀಕ್ಷೆ ಆಗಲಿ.

ತಮ್ಮನೂ ಬಹಳ ಹಿಗ್ಗುವುದು ಬೇಡ. ಯಕೃತ್ತು, ಸ್ನಾಯುಗಳಲ್ಲಿ 400-500 ಗ್ರಾಂ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟ ಪಿಷ್ಟ, ಇರುತ್ತದೆ, ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಮೊದಲ ವಾರ ಖಾಲಿಯಾಗುವುದು ಹೆಚ್ಚಾಗಿ ಅದೇ. ಮುಂದೆಯೂ ವಾರಕ್ಕೆ ಒಂದೂವರೆ ಕೆ.ಜಿ. ಮೀರಿ ಇಳಿಯುತ್ತಿದ್ದರೆ ಪಿತ್ತಕೋಶದ ಕಲ್ಲಿನ ಭಯ ಇದೆ.

ಕರಿಇಶಾಡ
ಹಾಗಾದರೆ ಅಕ್ಕ ಏನು ಉಣ್ಣಬೇಕು?

ಸಂಪಿಗೆಮರ
ಅನ್ನವನ್ನೇ ಅಳೆದು ಉಣ್ಣಲಿ. ಹೊತ್ತಿಗೆ 50 ಗ್ರಾಂ ಅಕ್ಕಿ, ಬೇಯಿಸುವ ಮೊದಲೇ ತೂಗಿ. ಪಿಷ್ಟ ಸುಮಾರು 39 ಗ್ರಾಂ. ಗಂಜಿ ನೀರಾಗಿ ಕುಡಿದರೆ ಬೇಗ ಏರುತ್ತದೆ, ಅನ್ನ ಬಿಡಿಬಿಡಿಯಾಗಿರಲಿ, ಪಲ್ಯ ಮೀನು ಮೊದಲು ಹೋಗಲಿ. ಬಂಗಡೆ, ತಾರ್ಲೆಯ 100 ಗ್ರಾಂ ಮಾಂಸದಲ್ಲಿ 20 ಗ್ರಾಂ ಹತ್ತಿರ ಪ್ರೋಟೀನ್ ಸಿಗುತ್ತದೆ. ನಮ್ಮ ಘಟ್ಟದ ಮೇಲಿನ ಸಸ್ಯಾಹಾರಿಗಳಿಗೆ ಕೀಟೋ ಇನ್ನೂ ಕಷ್ಟ: ಬೇಳೆಯಲ್ಲೂ ಅರ್ಧಕ್ಕಿಂತ ಹೆಚ್ಚು ಪಿಷ್ಟ, ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಕಾಯಿ ಮತ್ತು ತುಪ್ಪ. ನಮ್ಮ ತೆಳು ದೋಸೆ ತೆಳ್ಳೇವಿನ ಲೆಕ್ಕವಂತೂ ಯಾವಾಗಲೂ ತಪ್ಪುತ್ತದೆ, ತೆಳ್ಳಗಿದೆಯಲ್ಲ ಅಂತ ಆರು ಒಳಗೆ ಹೋಗಿರುತ್ತದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರು ಬಿ12 ಕೂಡ ನೋಡಿಸಬೇಕು.

ಕಾಳಿಹೊಳೆ
2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರ ಪ್ರಯೋಗ ಪ್ರಕಟಿಸಿತು. ಒಂದು ವರ್ಷದಲ್ಲಿ ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಪಿಷ್ಟ ಕಡಿಮೆ ಮಾಡಿದವರು 6 ಕೆ.ಜಿ. ಇಳಿದರು. ಎರಡೂ ಗುಂಪಿನಲ್ಲಿ ಬಹಳ ಇಳಿದವರೂ ಇದ್ದರು, ತೂಕ ಏರಿದವರೂ ಇದ್ದರು. ಯಾರಿಗೆ ಯಾವುದು ಹೊಂದುತ್ತದೆಂದು ಜೀನ್ ನೋಡಿ ಹೇಳಲೂ ಆಗಲಿಲ್ಲ.

ಕರಿಇಶಾಡ
ಈಗಷ್ಟೇ ನೋಡಿದೆವು, 64. ಸಕ್ಕರೆ ನೀರು ಕೊಟ್ಟು ಕಾಲು ಗಂಟೆಗೆ 91. ಮಾತ್ರೆ ಪಟ್ಟಿಯಲ್ಲಿ ಎಸ್‌ಆರ್ ಅಂತ ಇದೆ.

ಸಂಪಿಗೆಮರ
ಅದೇ ನಿಧಾನಕ್ಕೆ ಬಿಡುವ ಬಗೆ, ಮುರಿಯಬೇಡಿ. ಈಗ ಸ್ವಲ್ಪ ಅನ್ನ ಸಾರು ಉಣ್ಣಿಸಿ, ಇವತ್ತು ಸ್ಕೂಟರ್ ಬಿಡಲು ಕೊಡಬೇಡಿ. ಮುಂದಿನ ಮಾತ್ರೆಗೆ ಮುಂಚೆ ಈ ಎರಡು ಅಂಕಿ ವೈದ್ಯರಿಗೆ ತಿಳಿಸಿ.