ದೂರದಿಂದ ಬಂದ ತರಕಾರಿ ಬಿಟ್ಟರೆ ಪರಿಸರಕ್ಕೆ ನಿಜವಾಗಿ ಲಾಭ ಇದೆಯಾ?

ಅರ್ಧತಟ್ಟೆ:
ಒಂದು ವರ್ಷದಿಂದ ಹತ್ತಿರದಲ್ಲಿ ಬೆಳೆದದ್ದನ್ನೇ ಹುಡುಕಿ ತರುತ್ತಿದ್ದೇನೆ, ಲಾರಿಯಲ್ಲಿ ದೂರದಿಂದ ಬಂದದ್ದನ್ನು ಮುಟ್ಟುವುದಿಲ್ಲ. ಆದರೆ ಮಾಂಸ, ಚೀಸ್, ಬೆಣ್ಣೆ ಎಲ್ಲ ಮೊದಲಿನ ಹಾಗೇ ನಡೆದಿದೆ. ಮೊನ್ನೆ ತಂಗಿ, "ನೀನು ಲಾರಿ ಲೆಕ್ಕ ಹಾಕ್ತಾ ಕೂತಿದ್ದೀಯ, ತಟ್ಟೆ ಲೆಕ್ಕ ಯಾರು ಹಾಕ್ತಾರೆ?" ಅಂದಳು. ಅವಳ ಮಾತು ನಿಜವಾ, ಇಲ್ಲ ಸುಮ್ನೆ ಕಾಲೆಳೆದಳಾ?

ಎರೆಹುಳ:
ತಂಗಿ ಹೇಳಿದ್ದೇ ಸರಿ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 119 ದೇಶಗಳ ಸುಮಾರು 38,700 ಹೊಲ-ತೋಟಗಳ ಲೆಕ್ಕ ಬಂದಿತ್ತು. ಆಹಾರದಿಂದ ಹೊರಬೀಳುವ ಹಸಿರುಮನೆ ಅನಿಲದಲ್ಲಿ ಸಾಗಣೆಯ ಪಾಲು ಬರೀ 6% ಆಸುಪಾಸು. ಜಾಸ್ತಿ ಹುಟ್ಟುವುದು ಹೊಲದಲ್ಲಿ ಮತ್ತು ದನ, ಕುರಿಗಳ ಹೊಟ್ಟೆಯಲ್ಲಿ. ಮೆಲುಕು ಹಾಕುವ ಪ್ರಾಣಿಗಳು ತೇಗಿನಲ್ಲಿ ಮೀಥೇನ್ ಅನ್ನುವ ಹಸಿರುಮನೆ ಅನಿಲ ಬಿಡುತ್ತವೆ (ಹಿಂದಿನಿಂದ ಬರುತ್ತದೆ ಅಂತ ಎಲ್ಲರೂ ನಗ್ತಾರೆ, ಹೆಚ್ಚಿನದು ಬಾಯಿಂದಲೇ). ಅದರ ಮೇಲೆ ಮೇವಿಗೆ ನೆಲ ಬೇಕು, ಮೇವಿನ ಬೆಳೆಗೆ ಗೊಬ್ಬರ ಬೇಕು, ಆ ಗೊಬ್ಬರದ ಸಾರಜನಕದಿಂದ ನೈಟ್ರಸ್ ಆಕ್ಸೈಡ್ ಅನ್ನುವ ಇನ್ನೊಂದು ಹಸಿರುಮನೆ ಅನಿಲ ಏಳುತ್ತದೆ. ಬೇಳೆಕಾಳಿಗೆ ಇಷ್ಟು ಗೋಳಿಲ್ಲ, ಅವುಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತವೆ. ವಾರಕ್ಕೆ ಎರಡು ಊಟದಲ್ಲಿ ದನ, ಕುರಿ ಮಾಂಸದ ಬದಲು ಕಾಳು ತಿಂದರೆ ನಿಮ್ಮ ಲಾರಿ ಲೆಕ್ಕಕ್ಕಿಂತ ಜಾಸ್ತಿ ಉಳಿಯುತ್ತದೆ.

ಗದ್ದೆಬದು:
ಸ್ವಲ್ಪ ತಡೀರಿ. ವಿಮಾನದಲ್ಲಿ ಬರುವ ಹಣ್ಣಿಗೆ ಈ 6% ಮಾತು ನಡೆಯುವುದಿಲ್ಲ, ಬೇಗ ಕೆಡುವ ಬೆರಿ ಹಣ್ಣುಗಳು ಎಷ್ಟೋ ಸಲ ಹಾಗೇ ಬರುತ್ತವೆ. ಇನ್ನು ಸಸ್ಯಾಹಾರಿಗಳು ಬೀಗುವುದೂ ಬೇಡ. ಬೆಣ್ಣೆ, ಚೀಸ್ ಕೂಡ ಅದೇ ಹಸುವಿಂದಲೇ ಅಲ್ವಾ? ನೀರು ನಿಂತ ಭತ್ತದ ಗದ್ದೆಯಲ್ಲಿ ಮಣ್ಣಿಗೆ ಗಾಳಿ ಸಿಗದೆ ಅಲ್ಲೂ ಮೀಥೇನ್ ಹುಟ್ಟುತ್ತದೆ. ನಡುನಡುವೆ ನೀರು ಇಳಿಸಿ ಗದ್ದೆ ಒಣಗಲು ಬಿಟ್ಟರೆ ಅದು ಚೆನ್ನಾಗಿ ಕಡಿಮೆಯಾಗುತ್ತದೆ, ಆದರೆ ಅದು ತಿನ್ನುವವರ ಕೈಯಲ್ಲಿಲ್ಲ, ಬೆಳೆಯುವವರ ಕೈಯಲ್ಲಿದೆ.

ತಂಗಳು:
ಫ್ರಿಜ್ಜಿನ ವಿಷಯ ಯಾರೂ ಎತ್ತಲೇ ಇಲ್ಲ! ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಸುಮಾರು 105 ಕೋಟಿ ಟನ್ ಆಹಾರ ದಂಡವಾಯಿತು, ಅದರಲ್ಲಿ 60% ಮನೆಗಳಿಂದಲೇ. ಎಸೆದದ್ದಕ್ಕೂ ನೀರು, ಗೊಬ್ಬರ, ಡೀಸೆಲ್ ಎಲ್ಲ ಖರ್ಚಾಗಿರುತ್ತದೆ, ಕಸದ ರಾಶಿಯಡಿ ಕೊಳೆತು ಮತ್ತೆ ಮೀಥೇನ್ ಬೇರೆ. ನಾನೂ ಸಾಚಾ ಅಲ್ಲ, ಹಸಿದಾಗ ಅಂಗಡಿಗೆ ಹೋದರೆ ನನಗೆ ಲೆಕ್ಕವೇ ಇರುವುದಿಲ್ಲ.

ಅರ್ಧತಟ್ಟೆ:
ಇದನ್ನು ಓದಿ ಎದ್ದುಹೋಗಿ ಫ್ರಿಜ್ಜು ತೆಗೆದೆ. ಕೆಳಗಿನ ಡಬ್ಬಿಯಲ್ಲಿ ಎರಡು ಕಟ್ಟು ಸೊಪ್ಪು ಕೊಳೆತು ನೀರಾಗಿತ್ತು. ಹತ್ತಿರದಲ್ಲೇ ಬೆಳೆದ ಸೊಪ್ಪು. ತಂಗಿಗೆ ಹೇಳುವುದಿಲ್ಲ.