ತೊಗರಿ ರೈತರ ಆ್ಯಪ್: ಊರೂರಿಗೆ ಹೋಗಿ ತೋರಿಸೋದು ಬೇಕಾ?

ಪ್ರಶ್ನೆ (ಕಲಬುರಗಿ):
ನಾನು ಪ್ರಾಡಕ್ಟ್ ಡಿಸೈನರ್. ತೊಗರಿ ಮಾರುವ ರೈತರಿಗೆ ಆ್ಯಪ್ ಮಾಡುತ್ತಿದ್ದೇವೆ. ರಾಶಿ ಮಾಡುವ ದಿನ ಹೊಲಕ್ಕೆ ಹೋಗಿ ಕಾಕಾನ ಕೈಗೆ ಫೋನ್ ಕೊಟ್ಟೆ. ಬಿಸಿಲಿಗೆ ಸ್ಕ್ರೀನ್ ಕಾಣದೆ ತಲೆ ಮೇಲೆ ಟವೆಲ್ ಎಳೆದುಕೊಂಡು ನೋಡಿದರು. ಬಿರುಕು ಬಿಟ್ಟ ಹೆಬ್ಬೆರಳಿಂದ ಮೂರು ಸಲ ಒತ್ತಿದರೂ ಬಟನ್ ಕೆಲಸ ಮಾಡಲಿಲ್ಲ. 'ಸಲ್ಲಿಸಿ' ಅಂತ ಓದಿ, "ಯಾರಿಗೆ ಸಲ್ಲಿಸಬೇಕಪ್ಪಾ?" ಅಂದರು. ನಾವು ಕ್ವಿಂಟಲ್ ಕೇಳಿದ್ದೆವು, ಅವರು ಚೀಲ ಎಣಿಸುತ್ತಿದ್ದರು! ಇನ್ನೂ ನಾಲ್ಕು ಊರಿಗೆ ಹೋಗಬೇಕು ಅಂದರೆ ಆಫೀಸಿನಲ್ಲಿ ಟೈಮ್ ಇಲ್ಲ ಅಂತಾರೆ. ಹೇಗೆ ಒಪ್ಪಿಸಲಿ?

ಉತ್ತರ (ಬೀದರ್):
ತಮ್ಮಾ, ಸುಮ್ನೆ ವಾದ ಮಾಡಬೇಡ. ಕಾಕಾನ ಒಪ್ಪಿಗೆ ಕೇಳಿ ಎರಡು ನಿಮಿಷದ ವಿಡಿಯೋ ಮಾಡಿ ತೋರಿಸು. ಕಷ್ಟ ಕಣ್ಣಾರೆ ಕಂಡರೆ ಒಪ್ತಾರೆ. ಅಮೆರಿಕದಲ್ಲಿ ಅಡುಗೆಮನೆ ಸಾಮಾನಿನ ಉದ್ಯಮಿ ಸ್ಯಾಮ್ ಫಾರ್ಬರ್ ಹೆಂಡತಿಗೆ ಸಂಧಿವಾತ ಇತ್ತು, ತರಕಾರಿ ಸಿಪ್ಪೆ ತೆಗೆಯೋದೇ ಕಷ್ಟ. ಅದನ್ನು ಕಂಡೇ ಅವರು ದಪ್ಪ, ಮೆತ್ತನೆ ಹಿಡಿಯ ಪೀಲರ್ ಮಾಡಿಸಿದರು. 1990ರಲ್ಲಿ ಆಕ್ಸೊ (OXO) ಹೆಸರಲ್ಲಿ ಬಂತು. ನೋವಿಲ್ಲದವರೂ ಕೊಂಡರು.

ಉತ್ತರ (ಯಾದಗಿರಿ):
ಜಾಸ್ತಿ ಜನ ಬೇಡ. ಒಂದು ಸುತ್ತಿನ ಪರೀಕ್ಷೆಗೆ ಐದು ಜನ ಸಾಕು ಅಂತ ವೆಬ್‌ಸೈಟ್, ಆ್ಯಪ್ ಬಳಸೋಕೆ ಸುಲಭವಾಗಿವೆಯಾ ಅಂತ ಪರೀಕ್ಷಿಸುವ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಸರಿಪಡಿಸಿ ಮತ್ತೆ ಐದು ಜನರಿಗೆ ತೋರಿಸಿ. ಅಂದಹಾಗೆ, ಹೆಣ್ಮಕ್ಕಳನ್ನು ಕೇಳಿದಿರಾ? ನಮ್ಮ ಮನೇಲಿ ಚೀಲದ ಲೆಕ್ಕ ಇಡೋದು ನಾನೇ.

ಪ್ರಶ್ನೆ ಕೇಳಿದವರು:
ಇಲ್ಲ ಅಕ್ಕಾ, ಕೇಳಿರಲಿಲ್ಲ. ಮನೆಯಲ್ಲೂ ಹೀಗೇ ಆಗಿತ್ತು. ಕೇಳದೆ ಅವ್ವಗೆ ಮಿಕ್ಸರ್ ತಂದೆ. ಅವ್ವಗೆ ಬೇಕಿದ್ದದ್ದು ನಿಂತು ಅಡುಗೆ ಮಾಡಲು ಒಂದು ಕಟ್ಟೆ, ಮೊಣಕಾಲು ನೋವು ಅಲ್ವಾ. ಈಗ ಕಟ್ಟಿಸಿದ್ದೇನೆ, ಅವ್ವನನ್ನು ನಿಲ್ಲಿಸಿ ಎತ್ತರ ಅಳೆದು. ನಾಳೆ ಕಾಕೂ ಜೊತೆ ಕೂತು ಅವರ ಲೆಕ್ಕದ ವಹಿ ನೋಡ್ತೀನಿ.