ಲೋಕಸಭೆಗೆ ಪ್ರಶ್ನೆ ಬರೆಯುವುದು ಹೇಗೆ? ತಿಳಿದವರು ಹೇಳಿ

ಮಲೆನಾಡಿನವ (ಕೇಳಿದ್ದು)

ಶಾಸಕರ ಕಚೇರಿಯಿಂದ ಈಗ ಲೋಕಸಭಾ ಸದಸ್ಯರೊಬ್ಬರ ಕಚೇರಿಗೆ ಬಂದಿದ್ದೇನೆ. ಮುಂದಿನ ಅಧಿವೇಶನಕ್ಕೆ ಪ್ರಶ್ನೆಗಳ ಕರಡು ಮಾಡಿಕೊಡಬೇಕು. ಸಾಹೇಬರು ಕೊಟ್ಟ ಪಟ್ಟಿಯಲ್ಲಿ ಅಡಿಕೆ ಆಮದು, ಎಲೆಚುಕ್ಕೆ ರೋಗ, ಬೆಳೆ ವಿಮೆ, ಕುಂಟುತ್ತಿರುವ ರೈಲು ಮಾರ್ಗ, ಮನೆಮನೆಗೆ ನಲ್ಲಿ ಎಲ್ಲವೂ ಇವೆ. ಹಳೆಯ ಉತ್ತರಗಳನ್ನು ತೆಗೆದು ನೋಡಿದರೆ ಎರಡು ಪುಟ ಓದಿದರೂ ಕೈಗೆ ಏನೂ ಹತ್ತುವುದಿಲ್ಲ. ಉತ್ತರ ಜಾರಿಹೋಗದಂತೆ ಪ್ರಶ್ನೆ ಕಟ್ಟುವುದು ಹೇಗೆ?

ನಾರ್ತ್ ಅವೆನ್ಯೂ

ಮೊದಲು ಲೆಕ್ಕ. ಒಂದು ದಿನಕ್ಕೆ ಒಬ್ಬ ಸದಸ್ಯರು ಚುಕ್ಕೆ ಗುರುತಿನದೂ (ಸದನದಲ್ಲಿ ಬಾಯಿಮಾತಿನ ಉತ್ತರ) ಚುಕ್ಕೆ ಇಲ್ಲದ್ದೂ (ಲಿಖಿತ ಉತ್ತರ) ಸೇರಿ ಐದು ಸೂಚನೆ, ಅಂದರೆ ಪ್ರಶ್ನೆಯ ನೋಟಿಸ್, ಕೊಡಬಹುದು. ಚುಕ್ಕೆ ಗುರುತಿನ ಪಟ್ಟಿಯಲ್ಲಿ ಒಬ್ಬರದು ಒಂದೇ ಪ್ರಶ್ನೆ ಬರುತ್ತದೆ. ದಿನದ ಪಟ್ಟಿಯಲ್ಲಿ ಚುಕ್ಕೆಯವು 20, ಲಿಖಿತ ಉತ್ತರದವು 230. ಯಾರ ಪ್ರಶ್ನೆ ಮೇಲೆ ಬರಬೇಕು ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ, ಹಿರಿತನ ಅಲ್ಲಿ ನಡೆಯುವುದಿಲ್ಲ.

ಸೂಚನೆಗೂ ಉತ್ತರದ ದಿನಕ್ಕೂ ನಡುವೆ ಪೂರ್ತಿ 15 ದಿನ ಇರಬೇಕು. ಕೊಟ್ಟ ದಿನ, ಉತ್ತರದ ದಿನ ಎರಡನ್ನೂ ಬಿಟ್ಟು ಎಣಿಸಿ. ಬೆರಳು ಮಡಚಿ ತಪ್ಪಾಗುವುದಕ್ಕಿಂತ, ಅಧಿವೇಶನ ಕರೆದ ಮೇಲೆ ಲೋಕಸಭೆಯ ಬುಲೆಟಿನ್ ಭಾಗ 2ರಲ್ಲಿ ಬರುವ ಕೊನೆಯ ದಿನಾಂಕಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳುವುದು ವಾಸಿ. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಹಂಚಿರುತ್ತಾರೆ. ರೈಲ್ವೆಯ ದಿನ ತಪ್ಪಿತೆಂದರೆ ಮತ್ತೆ ಒಂದು ವಾರ.

ಪ್ರಶ್ನೆ 150 ಪದ ಮೀರಬಾರದು, ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ವಾದ, ವ್ಯಂಗ್ಯ, ಆರೋಪ, ಊಹೆ, ಅಭಿಪ್ರಾಯ ಕೇಳುವುದು, ಕೋರ್ಟಿನಲ್ಲಿರುವ ವಿಷಯ, ಅದೇ ಅಧಿವೇಶನದಲ್ಲಿ ಉತ್ತರ ಬಂದಿರುವುದು, ಎಲ್ಲರ ಕೈಗೆ ಸಿಗುವ ದಾಖಲೆಯಲ್ಲಿರುವುದು, ಇವೆಲ್ಲ ತಿರಸ್ಕೃತವಾಗುತ್ತವೆ. 'ರೈತರನ್ನು ಬೀದಿಪಾಲು ಮಾಡಿದ ನೀತಿಯನ್ನು ಕೈಬಿಡುವುದೇ?' ಎಂಬ ಧಾಟಿ ಭಾಷಣಕ್ಕೆ ಸರಿ, ಇಲ್ಲಿ ನಡೆಯದು.

ನಿಮ್ಮ ಪಟ್ಟಿಯಲ್ಲಿ ದೊಡ್ಡ ಬಲೆ ಅಡಿಕೆಯೇ. ಅದು ಒಂದು ಸಚಿವಾಲಯದ ಸೊತ್ತಲ್ಲ. ಎಲೆಚುಕ್ಕೆ, ಹಳದಿ ಎಲೆ ರೋಗ, ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಸಂಶೋಧನೆ, ಕಲ್ಲಿಕೋಟೆಯ ಅಡಿಕೆ ಮತ್ತು ಸಾಂಬಾರ ಅಭಿವೃದ್ಧಿ ನಿರ್ದೇಶನಾಲಯ ಇವು ಕೃಷಿಗೆ. ಕನಿಷ್ಠ ಆಮದು ಬೆಲೆ, ಅಂದರೆ ಅದಕ್ಕಿಂತ ಅಗ್ಗದ ಮಾಲು ತರಿಸುವಂತಿಲ್ಲ ಎಂಬ ಮಿತಿ, ವಾಣಿಜ್ಯಕ್ಕೆ. ಕಳ್ಳಸಾಗಣೆಯ ಜಪ್ತಿ ಕಂದಾಯ ಇಲಾಖೆಗೆ, ಅಂದರೆ ಹಣಕಾಸಿಗೆ. ಗುಣಮಟ್ಟದ ಮಾತು ಬಂದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಇರುವ ಆರೋಗ್ಯ ಸಚಿವಾಲಯಕ್ಕೆ. ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಎರಡರಲ್ಲಿ ಒಂದು ಆಗುತ್ತದೆ: ಪ್ರಶ್ನೆ ಬೇರೆ ಸಚಿವಾಲಯಕ್ಕೆ ವರ್ಗವಾಗಿ ದಿನ ಬದಲಾಗುತ್ತದೆ, ಇಲ್ಲವೇ ಮೊದಲ ಭಾಗಕ್ಕೆ ಮಾತ್ರ ಸರಿಯಾದ ಉತ್ತರ ಬಂದು ಉಳಿದದ್ದು 'ಸಂಬಂಧಪಟ್ಟ ಸಚಿವಾಲಯ' ಎಂದು ತೇಲಿಹೋಗುತ್ತದೆ. ಕಾಫಿ ಇದಕ್ಕಿಂತ ಸಲೀಸು, ಕಾಫಿ ಮಂಡಳಿ ವಾಣಿಜ್ಯ ಸಚಿವಾಲಯದ ಕೆಳಗೇ ಇದೆ.

ಆಮದಿನ ಪ್ರಶ್ನೆಯನ್ನು ಹೀಗೆ ಬಿಡಿಸಿ:

(ಅ) 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ ನಂತರ ಆಮದಾದ ಅಡಿಕೆಯ ಪ್ರಮಾಣ ಮತ್ತು ಮೌಲ್ಯ, ವರ್ಷವಾರು, ದೇಶವಾರು, ಬಂದರುವಾರು;
(ಆ) ಅದರಲ್ಲಿ ಕನಿಷ್ಠ ಬೆಲೆಯ ಷರತ್ತಿನಿಂದ ವಿನಾಯಿತಿ ಪಡೆದು ಬಂದದ್ದು ಎಷ್ಟು, ಯಾವ ವಿನಾಯಿತಿಯಡಿ;
(ಇ) ಹುರಿದ ಅಡಿಕೆ ಎಂದು ಘೋಷಿಸಿ ತಂದ ಪ್ರಮಾಣ ಎಷ್ಟು;
(ಈ) ವಿನಾಯಿತಿಯಲ್ಲಿ ಬಂದದ್ದು ದೇಶದೊಳಗೆ ಮಾರಾಟವಾಗದಂತೆ ನೋಡಿಕೊಳ್ಳುವ ಹೊಣೆ ಯಾವ ಅಧಿಕಾರಿಯದು.

(ಇ) ಬಿಡಬೇಡಿ. ಸುಂಕದ ಪಟ್ಟಿಯಲ್ಲಿ ಅಡಿಕೆ 0802 80 ಎಂಬ ಸಂಕೇತದಲ್ಲಿದೆ, ಹುರಿದದ್ದೆಂದು ಬಂದರೆ 2008 ಎಂಬ ಸಂಕೇತದ ಅಡಿಗೆ ಹೋಗುತ್ತದೆ. ಬರೀ 'ಅಡಿಕೆ' ಎಂದು ಕೇಳಿದರೆ ಮೊದಲನೆಯದರ ಅಂಕಿಯಷ್ಟೇ ಕೊಟ್ಟು ಕೈತೊಳೆದುಕೊಳ್ಳಬಹುದು. ಅದು ಸುಳ್ಳು ಉತ್ತರವೂ ಆಗುವುದಿಲ್ಲ.

ನಿವೃತ್ತ ಸೆಕ್ಷನ್ ಆಫೀಸರ್

ಮೇಲಿನವರು ಹೇಳಿದ್ದು ಸರಿ. ಆಚೆ ಬದಿಯಲ್ಲಿ, ಅಂದರೆ ಸಚಿವಾಲಯದೊಳಗೆ, ಏನಾಗುತ್ತದೆ ಎಂಬುದೂ ಗೊತ್ತಿದ್ದರೆ ಒಳ್ಳೆಯದು. 15 ದಿನ ಎನ್ನುವುದು ಕಾಗದದ ಮೇಲೆ. ಅಂಗೀಕಾರವಾದ ಪ್ರಶ್ನೆ ಸಚಿವರಿಗೆ ಮುಟ್ಟಿ ಐದು ದಿನ ಕಳೆದಿದ್ದರೆ ಅದನ್ನು ಉತ್ತರದ ಪಟ್ಟಿಗೆ ಹಾಕಬಹುದು. ಆ ಐದಾರು ದಿನದಲ್ಲಿ ಸಂಸತ್ ವಿಭಾಗ ಅದು ಯಾವ ವಿಭಾಗದ್ದೆಂದು ತೀರ್ಮಾನಿಸಬೇಕು, ಸೆಕ್ಷನ್ ಕರಡು ಬರೆಯಬೇಕು, ಜಂಟಿ ಕಾರ್ಯದರ್ಶಿ ಮತ್ತು ಸಚಿವರ ಒಪ್ಪಿಗೆಯಾಗಬೇಕು, ಇನ್ನೊಂದು ಭಾಷೆಗೆ ಅನುವಾದವಾಗಬೇಕು. ರಾಜ್ಯದಿಂದ ಹೊಸದಾಗಿ ತರಿಸಬೇಕಾದ ಅಂಕಿ ಕೇಳಿದಿರೋ, 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅಥವಾ 'ಇಂಥ ಮಾಹಿತಿಯನ್ನು ಕೇಂದ್ರ ಮಟ್ಟದಲ್ಲಿ ಇಟ್ಟುಕೊಳ್ಳುವುದಿಲ್ಲ' ಎಂಬ ಸಾಲು ಖಾತರಿ. ಎಲ್ಲ ಸಲವೂ ಅದು ಕಳ್ಳಾಟವಲ್ಲ, ಎಷ್ಟೋ ಸಲ ಮೇಜಿನ ಮೇಲೆ ನಿಜಕ್ಕೂ ಅಂಕಿ ಇರುವುದಿಲ್ಲ.

ಆದ್ದರಿಂದ ಸಚಿವಾಲಯದ ಕಂಪ್ಯೂಟರಿನಲ್ಲಿ ಈಗಾಗಲೇ ಇರುವುದನ್ನು ಅವರದೇ ಕಾಲಂ ಹೆಸರಿನಲ್ಲಿ ಕೇಳಿ. ಮನೆಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್ ಇದಕ್ಕೆ ಚೆನ್ನಾದ ಉದಾಹರಣೆ. ಎಷ್ಟು ಮನೆಗೆ ನಲ್ಲಿ ಎಂದು ಕೇಳಬೇಡಿ, ಡ್ಯಾಶ್‌ಬೋರ್ಡಿನಲ್ಲಿದೆ, ನೋಡಿಕೊಳ್ಳಿ ಎನ್ನುತ್ತಾರೆ. ನಿಮ್ಮ ಕ್ಷೇತ್ರದ ಜಿಲ್ಲೆಗಳ ಹೆಸರು ಬರೆದು ಇಷ್ಟು ಕೇಳಿ: 'ಹರ್ ಘರ್ ಜಲ್' (ಎಲ್ಲ ಮನೆಗೂ ನೀರು) ಎಂದು ವರದಿಯಾದ ಗ್ರಾಮಗಳು ಎಷ್ಟು, ಗ್ರಾಮಸಭೆ ಠರಾವು ಮಾಡಿ ಪ್ರಮಾಣೀಕರಿಸಿದ್ದು ಎಷ್ಟು, ಎರಡರ ವ್ಯತ್ಯಾಸಕ್ಕೆ ಕಾರಣವೇನು, ನೀರಿನ ಮಾದರಿ ಪರೀಕ್ಷೆಯಲ್ಲಿ ಕಲುಷಿತ ಎಂದು ಬಂದ ಕಡೆಗಳಲ್ಲಿ ಪರಿಹಾರ ಕ್ರಮ ದಾಖಲಾಗಿದ್ದು ಎಷ್ಟು. ನಲ್ಲಿ ಹಾಕಿದ್ದಕ್ಕೂ ನೀರು ಬಂದದ್ದಕ್ಕೂ ಇರುವ ಅಂತರ ಕಾಣುವುದು ಅಲ್ಲೇ.

ದುಡ್ಡಿನ ವಿಷಯಕ್ಕೆ ನಾಲ್ಕು ಪದ ನೆನಪಿರಲಿ: ಹಂಚಿಕೆ, ಬಿಡುಗಡೆ, ಬಳಕೆ, ಬಳಕೆ ಪ್ರಮಾಣಪತ್ರ. 'ಎಷ್ಟು ಅನುದಾನ ಕೊಡಲಾಗಿದೆ' ಎಂದು ಕೇಳಿದರೆ ಹಂಚಿಕೆಯ ದೊಡ್ಡ ಅಂಕಿಯೇ ಬರುತ್ತದೆ. ನಾಲ್ಕನ್ನೂ ಬೇರೆ ಬೇರೆ ಕಾಲಂ ಆಗಿ ಕೇಳಿದರೆ ಹಣ ದೆಹಲಿಯಲ್ಲಿ ನಿಂತಿದೆಯೋ ಬೆಂಗಳೂರಿನಲ್ಲೋ ಎಂಬುದು ಬಯಲಾಗುತ್ತದೆ. ಹಣ ಬೆಂಗಳೂರಿನಲ್ಲಿ ನಿಂತಿದ್ದು, ನಿಮ್ಮವರ ಪಕ್ಷವೇ ಅಲ್ಲಿ ಆಡಳಿತದಲ್ಲಿದ್ದರೆ, ಕೇಳುವ ಮೊದಲೇ ಸಾಹೇಬರಿಗೆ ಹೇಳಿಬಿಡಿ. ಉತ್ತರ ಬಂದ ಮೇಲೆ ಮುಜುಗರ ಬೇಡ.

ಬೆಳೆ ವಿಮೆಗೂ ಇದೇ ದಾರಿ. ಅಡಿಕೆ, ಕಾಳುಮೆಣಸು ಬರುವುದು ಹವಾಮಾನ ಆಧಾರಿತ ವಿಮೆಯಲ್ಲಿ, ಫಸಲ್ ಬಿಮಾ ಎಂದಷ್ಟೇ ಬರೆದರೆ ರಾಗಿ ಭತ್ತದ ಲೆಕ್ಕ ಬರಬಹುದು. ಯೋಜನೆಯ ಪೂರ್ತಿ ಹೆಸರು ಬರೆಯಿರಿ. ಕಂತಿನಲ್ಲಿ ರೈತರ, ರಾಜ್ಯದ, ಕೇಂದ್ರದ ಪಾಲು ಪ್ರತ್ಯೇಕವಾಗಿ ಕೇಳಿ, ಯಾರ ಪಾಲು ಯಾವ ತಾರೀಖಿಗೆ ಪಾವತಿಯಾಯಿತು ಎಂದು ಸೇರಿಸಿ. ಪರಿಹಾರ ತಡವಾದರೆ ಒಬ್ಬರು ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ, ತಾರೀಖು ಇದ್ದರೆ ಆ ಆಟ ನಿಲ್ಲುತ್ತದೆ. ಮಳೆಮಾಪಕ ಕೆಟ್ಟಿದ್ದ ಪಂಚಾಯಿತಿಗಳಿಗೆ ಯಾವ ಕೇಂದ್ರದ ದತ್ತಾಂಶ ಬಳಸಿದರು ಎಂಬುದನ್ನು ಕೊನೆಯ ಭಾಗವಾಗಿ ಇಡಿ.

ಹುಬ್ಬಳ್ಳಿ ಜಂಕ್ಷನ್

ರೈಲ್ವೆದ್ದು ನಾ ಹೇಳ್ತೀನ್ರಿ. ಅವರ ಉತ್ತರದಾಗ ಒಂದು ಸಾಲು ಅಚ್ಚು ಹಾಕಿದಂಗ ಇರ್ತದ: ರೈಲ್ವೆ ಯೋಜನೆಗಳನ್ನು ವಲಯವಾರು ಕೈಗೊಳ್ಳಲಾಗುತ್ತದೆ, ರಾಜ್ಯವಾರು ಅಲ್ಲ, ಯಾಕಂದ್ರ ಮಾರ್ಗ ರಾಜ್ಯದ ಗಡಿ ದಾಟಬಹುದು. ಆಮೇಲೆ ಇಡೀ ಕರ್ನಾಟಕದ ಒಟ್ಟು ಕಿಲೋಮೀಟರು, ಒಟ್ಟು ಕೋಟಿ. ನಿಮ್ಮ ಊರಿನ ಮಾರ್ಗ ಆ ರಾಶಿಯೊಳಗ ಮುಚ್ಚಿಹೋಗ್ತದ.

ಅದಕ್ಕ ಯೋಜನೆ ಹೆಸರು ಹಿಡಿದು ಕೇಳ್ರಿ. ಗದಗ–ವಾಡಿ ಇರಲಿ, ತುಮಕೂರು–ದಾವಣಗೆರೆ ಇರಲಿ, ಒಂದು ಪ್ರಶ್ನೆಗೆ ಒಂದೇ ಯೋಜನೆ. ಮಂಜೂರಾದ ವರ್ಷ, ಮೂಲ ಅಂದಾಜು, ಪರಿಷ್ಕೃತ ಅಂದಾಜು, ಇಲ್ಲಿತನಕದ ಖರ್ಚು, ಬೇಕಾದ ಭೂಮಿ ಎಷ್ಟು ಹೆಕ್ಟೇರ್, ಕೈಗೆ ಬಂದದ್ದು ಎಷ್ಟು, ಅರಣ್ಯ ಇಲಾಖೆ ಅನುಮತಿ ಬಾಕಿ ಅದನೋ ಇಲ್ಲೋ, ಯಾವ ನಿಲ್ದಾಣದಿಂದ ಯಾವ ನಿಲ್ದಾಣದ ತನಕ ಸಂಚಾರಕ್ಕ ತೆರೆದಾರ. 'ಎಂದು ಮುಗಿಯುತ್ತದೆ' ಅಂತ ಕೇಳಿದ್ರ 'ಹಲವು ಅಂಶಗಳ ಮೇಲೆ ಅವಲಂಬಿತ' ಅಂತ ಭೂಸ್ವಾಧೀನದಿಂದ ಹಿಡಿದು ಹವಾಮಾನದ ತನಕ ದೊಡ್ಡ ಪಟ್ಟಿ ಕೊಡ್ತಾರ. ಅದರ ಬದಲು ಈ ಹಣಕಾಸು ವರ್ಷದಾಗ ಈ ಯೋಜನೆಗೆ ಎಷ್ಟು ಇಟ್ಟಾರ, ಎಷ್ಟು ಕಿಲೋಮೀಟರಿನ ಗುರಿ ಅದ ಅಂತ ಕೇಳಿದ್ರ ತಪ್ಪಿಸಿಕೊಳ್ಳೋದು ಕಷ್ಟ. ಯೋಜನೆವಾರು ಅಂಕಿ ಅವರ ಪಿಂಕ್ ಬುಕ್ಕಿನಾಗ (ರೈಲ್ವೆ ಬಜೆಟ್ಟಿನ ಪುಸ್ತಕ) ಇರ್ತಾವ, ಅದನ್ನ ಮೊದಲ ಓದಿ ಆಮೇಲೆ ಅದರಾಗ ಇಲ್ಲದ್ದನ್ನ ಕೇಳ್ರಿ.

ನಾರ್ತ್ ಅವೆನ್ಯೂ

ಚುಕ್ಕೆ ಗುರುತಿನ ಆಸೆ ಎಲ್ಲ ಹೊಸಬರಿಗೂ ಇರುತ್ತದೆ, ಅದನ್ನು ಸ್ವಲ್ಪ ಹದದಲ್ಲಿಡಿ. 11ರಿಂದ 12ರವರೆಗಿನ ಪ್ರಶ್ನೋತ್ತರದ ಒಂದು ಗಂಟೆಯಲ್ಲಿ ಸಾಮಾನ್ಯವಾಗಿ ಐದಾರು ಪ್ರಶ್ನೆಗಳಷ್ಟೇ ಬಾಯಿಗೆ ಬರುತ್ತವೆ. 2019ರ ನವೆಂಬರ್ 27ರಂದು ಇಪ್ಪತ್ತೂ ಮುಗಿದವು, ಅದು 1972ರ ನಂತರ ಮೊದಲ ಸಲವಂತೆ. ಗದ್ದಲವಾದರೆ ಒಂದೂ ಇಲ್ಲ. ಸರದಿ ಬಾರದವು ಲಿಖಿತ ಉತ್ತರವಾಗಿ ಸೇರಿಕೊಳ್ಳುತ್ತವೆ. ಹಾಗಾಗಿ ಅಂಕಿ ಬೇಕಿದ್ದರೆ ಲಿಖಿತವೇ ಸಾಕು. ಸಚಿವರ ಬಾಯಲ್ಲಿ 'ಹೌದು' ಅಥವಾ 'ಇಲ್ಲ' ಬರಿಸಬೇಕಾದ ಒಂದನ್ನು ಮಾತ್ರ ಚುಕ್ಕೆಗೆ ಇಡಿ.

ಗ್ಯಾಲರಿ ಪಾಸ್

ಇಲ್ಲಿ ನನ್ನದು ತಕರಾರು. ಲಿಖಿತ ಉತ್ತರಕ್ಕೆ ಪತ್ರಿಕೆಯಲ್ಲಿ ಒಂದು ಮೂಲೆ, ಕಡತದಲ್ಲಿ ಒಂದು ಹಾಳೆ. ಬಲ ಇರುವುದು ಉಪಪ್ರಶ್ನೆಯಲ್ಲಿ, ಅಂದರೆ ಚುಕ್ಕೆ ಪ್ರಶ್ನೆಗೆ ಉತ್ತರ ಬಂದೊಡನೆ ಸದನದಲ್ಲೇ ಎದ್ದು ಕೇಳುವುದರಲ್ಲಿ. 1957ರ ಸೆಪ್ಟೆಂಬರಿನಲ್ಲಿ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳಲ್ಲಿ ಎಲ್‌ಐಸಿ ಹಣ ಹೂಡಿದ ಬಗ್ಗೆ ಲೋಕಸಭೆಯಲ್ಲಿ ಎದ್ದ ಪ್ರಶ್ನೆಗೆ ಬಂದದ್ದು ನುಣುಚುವ ಉತ್ತರ. ಸದಸ್ಯರು ಬಿಡದೆ ಬೆನ್ನು ಹತ್ತಿದರು, ಛಾಗ್ಲಾ ಆಯೋಗದ ವಿಚಾರಣೆಯಾಗಿ 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

ಉಪಪ್ರಶ್ನೆ ಎರಡೇ ಸಿಗುವುದು, ಹೊಗಳಿಕೆಗೆ ಅರ್ಧ ನಿಮಿಷ ಹಾಳು ಮಾಡುವವರೇ ಜಾಸ್ತಿ. ಸದಸ್ಯರಿಗೆ ಅರ್ಧ ಹಾಳೆಯ ಚೀಟಿ ಕೊಡಿ. ಮೊದಲ ಉಪಪ್ರಶ್ನೆ ಉತ್ತರದ ಅನುಬಂಧದಲ್ಲಿರುವ ಅಂಕಿಯ ಮೇಲೆಯೇ ಇರಲಿ: 'ನಿಮ್ಮದೇ ಕೋಷ್ಟಕದ ಪ್ರಕಾರ ಬಿಡುಗಡೆ ಇಷ್ಟು, ಬಳಕೆ ಇಷ್ಟು, ಉಳಿದದ್ದು ಎಲ್ಲಿದೆ?' ಎರಡನೆಯದು ಮೊದಲನೆಯದಕ್ಕೆ ಬರುವ ಉತ್ತರ ನೋಡಿ. ಆದ್ದರಿಂದ ಎರಡು ಬಗೆ ಬರೆದಿಟ್ಟಿರಿ: ಸಚಿವರು ಒಪ್ಪಿಕೊಂಡರೆ ಒಂದು, ಜಾರಿದರೆ ಇನ್ನೊಂದು. ಒಂದೇ ಉಸಿರಿನಲ್ಲಿ ಮೂರು ಕೇಳಿದರೆ ಸಚಿವರು ಸುಲಭದ್ದನ್ನು ಆರಿಸಿಕೊಂಡು ಕುಳಿತುಬಿಡುತ್ತಾರೆ. ಸದನದಲ್ಲಿ ಕನ್ನಡದಲ್ಲೂ ಕೇಳಬಹುದು, ತರ್ಜುಮೆಯ ವ್ಯವಸ್ಥೆ ಇದೆ, ಮುಂಚಿತವಾಗಿ ತಿಳಿಸಿಡಿ.

ಮಲೆನಾಡಿನವ

ಎಲ್ಲರಿಗೂ ಧನ್ಯವಾದ. ಇಷ್ಟೆಲ್ಲ ಮಾಡಿಯೂ 'ಪರಿಶೀಲನೆಯಲ್ಲಿದೆ' ಎಂದೇ ಬಂದರೆ? ವಿಧಾನಸಭೆಯಲ್ಲಾದರೆ ನಿಯಮ 73ರಲ್ಲಿ ಗಮನ ಸೆಳೆಯುವ ಸೂಚನೆ, 351ರಲ್ಲಿ ಪ್ರಸ್ತಾಪ ಎಂದು ದಾರಿಗಳು ಗೊತ್ತು. ಇಲ್ಲಿ?

ನಿವೃತ್ತ ಸೆಕ್ಷನ್ ಆಫೀಸರ್

'ಪರಿಶೀಲನೆಯಲ್ಲಿದೆ' ಎಂದು ಬಂದರೆ ಬೇಸರ ಬೇಡ, ಅದು ಭರವಸೆ ಎಂದು ದಾಖಲಾಗುವ ಮಾತುಗಳಲ್ಲಿ ಒಂದು. 'ಮಾಹಿತಿ ಸಂಗ್ರಹಿಸಿ ಸದನದ ಮೇಜಿನ ಮೇಲೆ ಇಡಲಾಗುವುದು' ಎಂಬುದೂ ಹಾಗೆಯೇ. ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲವೆಂದರೆ ಸಚಿವಾಲಯವು ಇಂಥ ಮಾತುಗಳ ಬೆನ್ನು ಹತ್ತುವ ಲೋಕಸಭೆಯ ಭರವಸೆಗಳ ಸಮಿತಿಯ ಮುಂದೆ ಹೆಚ್ಚಿನ ಗಡುವು ಕೇಳಬೇಕು. ಕರಡು ಬರೆಯುವವರು ಆ ಮಾತುಗಳನ್ನು ತಪ್ಪಿಸಿಯೇ ಬರೆಯಲು ನೋಡುವುದು ಇದಕ್ಕೇ. ಉತ್ತರದ ದಿನವೇ ನಿಮ್ಮ ಪುಸ್ತಕದಲ್ಲಿ ಪ್ರಶ್ನೆ ಸಂಖ್ಯೆ, ದಿನಾಂಕ, ಮೂರು ತಿಂಗಳು ಮುಗಿಯುವ ತಾರೀಖು ಬರೆದಿಡಿ. ದಾಖಲಾಗದೆ ಬಿಟ್ಟುಹೋಗಿದ್ದರೆ ಸಮಿತಿಗೆ ಸದಸ್ಯರ ಸಹಿಯಲ್ಲಿ ಕಾಗದ ಹೋಗಲಿ.

ಉತ್ತರದ ಅಂಕಿಯೇ ತಪ್ಪಿದ್ದರೆ ಸ್ಪೀಕರ್ ನಿರ್ದೇಶನ 115ರ ಅಡಿ ದಾಖಲೆ ಲಗತ್ತಿಸಿ ಸ್ಪೀಕರಿಗೆ ಬರೆಯಬಹುದು. ಉತ್ತರ ಅರೆಬರೆಯಾಗಿದ್ದರೆ ಅರ್ಧ ಗಂಟೆ ಚರ್ಚೆಗೆ ಮೂರು ದಿನದ ಮುಂಚಿನ ಸೂಚನೆ, ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಸದನದಲ್ಲಿ ವಿಷಯ ಪ್ರಸ್ತಾಪಿಸಲು ಇರುವ ನಿಯಮ 377 ನಿಮ್ಮ 351ರ ಹತ್ತಿರದ ಸಂಬಂಧಿ, ಉತ್ತರ ಆಮೇಲೆ ಕಾಗದದಲ್ಲಿ ಬರುತ್ತದೆ.

ನಾರ್ತ್ ಅವೆನ್ಯೂ

ಎರಡು ಎಚ್ಚರಿಕೆ ಬಿಟ್ಟುಹೋಗಿತ್ತು. ಸದನದಲ್ಲಿ ಉತ್ತರ ಬರುವ ಮೊದಲು ಅದನ್ನು ಪತ್ರಿಕೆಗೆ ಕೊಡಬೇಡಿ, ನಿಯಮದಲ್ಲೇ ನಿಷೇಧವಿದೆ. ಚುಕ್ಕೆ ಪ್ರಶ್ನೆಯ ಉತ್ತರ ಸ್ವಲ್ಪ ಮೊದಲೇ ಸದಸ್ಯರ ಕೈಗೆ ಬರುವುದು ಉಪಪ್ರಶ್ನೆ ತಯಾರಿಗೆ, ವಾಟ್ಸ್ಆ್ಯಪ್‌ಗೆ ಹಾಕಲು ಅಲ್ಲ. ಇನ್ನೊಂದು, ಪ್ರಶ್ನೆ ಸಲ್ಲಿಸುವ ಪೋರ್ಟಲಿನ ಪಾಸ್‌ವರ್ಡ್ ಮತ್ತು ಒಟಿಪಿ. ನೀವು ಕರಡು ಮಾಡಿ ಕೊಡಿ, ಒಳಗೆ ಹೋಗಿ ಸಲ್ಲಿಸುವುದು ಸದಸ್ಯರೇ ಮಾಡಲಿ. 2023ರ ಡಿಸೆಂಬರಿನಲ್ಲಿ ಒಬ್ಬ ಸದಸ್ಯರ ಉಚ್ಚಾಟನೆಗೆ ಕಾರಣವಾದ ಪ್ರಕರಣದಲ್ಲಿ ಲಾಗಿನ್ ಹಂಚಿಕೊಂಡದ್ದೇ ಮುಖ್ಯ ವಿಷಯವಾಗಿತ್ತು. 'ಸಾಹೇಬರು ಊರಲ್ಲಿದ್ದಾರೆ, ಒಟಿಪಿ ಫೋನಿನಲ್ಲಿ ಹೇಳುತ್ತಾರೆ' ಎನ್ನುವ ಅಭ್ಯಾಸ ಇದ್ದರೆ ಇಂದೇ ಬಿಡಿ.